ರಿಪ್ ವ್ಯಾನ್ ವಿಂಕಲನ ನಿದ್ರೆ

ವಾಷಿಂಗ್ಟನ್ ಅರ್ವಿಂಗನ (೧೭೮೩–೧೮೫೯) ‘ಸ್ಕೆಚ್ ಬುಕ್’ ಎಂಬ ಗ್ರಂಥವು ೧೮೧೯–೨೦ರಲ್ಲಿ ಬಿಡಿ ಸಂಚಿಕೆಗಳಾಗಿ ಅಮೆರಿಕದಲ್ಲಿ ಹೊರಬಿದ್ದಿತು. ಅದರ ಮೊದಲನೆಯ ಸಂಚಿಕೆಯಲ್ಲಿದ್ದ ‘ರಿಪ್ ವ್ಯಾನ್ ವಿಂಕಲ್’ ಎಂಬ ಕಥೆಯಿಂದಲೇ ಅಮೆರಿಕದ ಸಣ್ಣಕಥೆಯನ್ನು ಆರಂಭಿಸುವುದು ಸಾಹಿತ್ಯಚರಿತ್ರಕಾರರ ರೂಢಿ. ಈ ಮನ್ನಣೆಯ ಜೊತೆಜೊತೆಗೇ ಒಂದು ಆಕ್ಷೇಪವೂ ಬೆಳೆದುಬಂದಿದೆ: ಕಥೆಯು ಅಮೆರಿಕದ್ದೇ ಅಲ್ಲ, ಜರ್ಮನಿಯಿಂದ ಕದ್ದುದು ಎಂದು. ಆಕ್ಷೇಪದಲ್ಲಿ ಸತ್ಯಾಂಶವುಂಟು, ಅದರಿಂದ ಹೊರಡಿಸುವ ತೀರ್ಪು ಮಾತ್ರ ನಿಲ್ಲತಕ್ಕದ್ದಲ್ಲ.

ಒಟ್ಮಾರ್ ಎಂಬ ಗುಪ್ತನಾಮದಿಂದ ೧೮೦೦ರಲ್ಲಿ ಪ್ರಕಟವಾದ ಜರ್ಮನ್ ಜನಪದ ಕಥೆಗಳ ಸಂಗ್ರಹದಲ್ಲಿ ಪೀಟರ್ ಕ್ಲೌಸನೆಂಬ ಆಡು ಕಾಯುವವನ ವೃತ್ತಾಂತವಿದೆ. ಪರ್ವತದ ಮರೆಯಲ್ಲಿ ಗುಂಡುರುಳಿಸಿ ಆಡುವ ಮೌನಿಗಳು, ಕದ್ದು ಕುಡಿದ ಮದ್ಯ, ಇಪ್ಪತ್ತು ವರ್ಷಗಳ ನಿದ್ರೆ, ಬೆಳೆದ ಗಡ್ಡ, ಗುರುತು ಹಿಡಿಯುವ ಮಗಳು—ಇವೆಲ್ಲವೂ ಅಲ್ಲಿಯವೇ. ಅರ್ವಿಂಗನು ಈ ಋಣವನ್ನು ಪೂರ್ತಿಯಾಗಿ ಮುಚ್ಚಿಟ್ಟವನೂ ಅಲ್ಲ. ಕಥೆಯ ಕೊನೆಯ ಟಿಪ್ಪಣಿಯಲ್ಲಿ ಕಿಫ್‌ಹೌಸರ್ ಪರ್ವತದ ಹೆಸರನ್ನೆತ್ತಿ, ಹಾಸ್ಯದ ಮುಸುಕಿನಲ್ಲಿ ಮೂಲದ ಕಡೆಗೆ ಬೆರಳು ತೋರಿಸಿದ್ದಾನೆ. ಅಲ್ಲದೆ ದೀರ್ಘನಿದ್ರೆಯ ಕಥೆಯು ಯಾವ ಒಂದು ದೇಶದ ಸೊತ್ತೂ ಅಲ್ಲ. ಗುಹೆಯಿಂದ ಹೊರಬಂದು, ಮನುಷ್ಯರು ಕುಳ್ಳರಾದುದನ್ನು ಕಂಡು, ಕಲಿಯುಗವು ಬಂದಿತೆಂದರಿತ ಮುಚುಕುಂದನು ಭಾಗವತವನ್ನು ಓದಿದವರಿಗೆ ಪರಿಚಿತನೇ.

ವಿಚಾರಿಸತಕ್ಕದ್ದು ಬೇರೊಂದುಂಟು. ಪೀಟರ್ ಕ್ಲೌಸನ ಇಪ್ಪತ್ತು ವರ್ಷಗಳು ಬರಿದಾದ ವರ್ಷಗಳು. ಆ ಅವಧಿಯಲ್ಲಿ ಮುದುಕರು ಸತ್ತರು, ಮಕ್ಕಳು ಬೆಳೆದರು, ಅಷ್ಟೆ. ಅರ್ವಿಂಗನಾದರೋ ಆ ಬರಿದಾದ ಪಾತ್ರೆಯೊಳಗೆ ಅಮೆರಿಕದ ಸ್ವಾತಂತ್ರ್ಯಸಮರವನ್ನು ಇಟ್ಟನು. ರಿಪ್ಪನು ಮಲಗಿದಾಗ ಮೂರನೆಯ ಜಾರ್ಜ್ ದೊರೆಯ ಪ್ರಜೆ. ಎದ್ದಾಗ ಗಣರಾಜ್ಯದ ಪೌರ. ಊರಿನ ಹಳೆಯ ಹೋಟೆಲಿನ ಫಲಕದ ಮೇಲೆ ದೊರೆಯ ಮುಖ ಅದೇ ಇದೆ. ಕೆಂಪು ಅಂಗಿ ನೀಲಿಯಾಗಿದೆ, ರಾಜದಂಡವು ಕತ್ತಿಯಾಗಿದೆ, ಕೆಳಗೆ ಜನರಲ್ ವಾಷಿಂಗ್ಟನ್ ಎಂದು ಬರೆದಿದೆ. ಇಡೀ ಕಥೆಯ ತಿರುಳು ಈ ಫಲಕದಲ್ಲಿದೆ. ಮುಖವನ್ನು ಉಳಿಸಿಕೊಂಡು ಅಂಗಿಯನ್ನು ಮಾತ್ರ ಬದಲಿಸಿದ ಚಿತ್ರಕಾರನ ಜಾಣತನದಲ್ಲಿ, ಬದಲಾದುದೆಷ್ಟು ಎಂಬ ಪ್ರಶ್ನೆಯು ಅಡಗಿದೆ. ರಾಷ್ಟ್ರವು ಹುಟ್ಟಿ ಅರ್ಧ ಶತಮಾನವೂ ಕಳೆಯದಿದ್ದಾಗ, ಅದರ ಪ್ರಥಮ ವಿಖ್ಯಾತ ಕಥೆಯು ಆ ಜನನದ ಕಾಲದಲ್ಲಿ ಗೊರಕೆ ಹೊಡೆಯುತ್ತಿದ್ದ ಸೋಮಾರಿಯೊಬ್ಬನನ್ನು ನಾಯಕನನ್ನಾಗಿ ಆರಿಸಿಕೊಂಡಿತು. ಚುನಾವಣೆಯ ಗದ್ದಲದಲ್ಲಿ ಯಾವ ಪಕ್ಷವೆಂದು ಕೇಳಿದವರಿಗೆ ಅವನು ದೊರೆಯ ಹೆಸರು ಹೇಳಿ ಏಟು ತಿನ್ನುವುದರಲ್ಲಿದ್ದನು. ತಾನು ಯಾರೆಂಬುದೇ ತನಗೆ ತಿಳಿಯದೆಂದು ಅವನು ಹೇಳುವಾಗ ಹಾಸ್ಯವು ಒಂದು ಕ್ಷಣ ನಿಂತುಹೋಗುತ್ತದೆ. ಜರ್ಮನ್ ಕಥೆಯಲ್ಲಿ ಇದಕ್ಕೆ ಸಮನಾದುದು ಯಾವುದೂ ಇಲ್ಲ.

ಇದನ್ನು ಬರೆದ ಸನ್ನಿವೇಶವೂ ಗಮನಾರ್ಹವಾದುದು. ೧೮೧೮ರಲ್ಲಿ ಲಿವರ್‌ಪೂಲಿನ ಕುಟುಂಬ ವ್ಯಾಪಾರವು ದಿವಾಳಿಯಾಗಿ, ಅರ್ವಿಂಗನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅಕ್ಕನ ಮನೆ ಸೇರಿದ್ದನು; ಅಲ್ಲಿಯೇ ಹಡ್ಸನ್ ನದಿಯ ಪಕ್ಕದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಈ ಕಥೆ ಸಿದ್ಧವಾಯಿತು. ದೇಶಕ್ಕೆ ದೂರವಾದವನು ಕಟ್ಟಿದ ದೇಶವಿದು.

ಕಥೆಗೆ ಒಂದು ದೊಡ್ಡ ದೋಷವುಂಟು. ರಿಪ್ಪನ ಹೆಂಡತಿಗೆ ಸ್ವಂತ ಹೆಸರಿಲ್ಲ. ಬೈಗುಳವಲ್ಲದೆ ಬೇರೆ ಗುಣವಿಲ್ಲ. ಮಕ್ಕಳಿಗೆ ಹರಕು ಬಟ್ಟೆ, ಹೊಲ ಪಾಳು: ಹೀಗಿರುವಾಗ ಅವಳ ಕೋಪಕ್ಕೆ ಕಾರಣವಿಲ್ಲವೆನ್ನುವಂತಿಲ್ಲ. ಅವಳ ಮರಣವನ್ನು ಗಂಡನ ಬಿಡುಗಡೆಯೆಂದು ನಗುವಂತೆ ಕಥೆಗಾರನು ವಾಚಕರನ್ನು ಒತ್ತಾಯಿಸುತ್ತಾನೆ. ರಾಷ್ಟ್ರದ ಸ್ವಾತಂತ್ರ್ಯವು ರಿಪ್ಪನಿಗೆ ಈ ಸ್ವಾತಂತ್ರ್ಯಕ್ಕಿಂತ ಕಿರಿದಾಗಿ ಕಂಡಿತೆಂಬ ವ್ಯಂಗ್ಯವು ಚತುರವೇ. ಆದರೆ ಅದರ ಬೆಲೆಯನ್ನು ತೆತ್ತವಳು ಅವಳು. ೧೮೬೫ರಲ್ಲಿ ಲಂಡನ್ನಿನಲ್ಲಿ ಆರಂಭವಾಗಿ, ನಟ ಜೋಸೆಫ್ ಜೆಫರ್ಸನ್ನನು ಸುಮಾರು ನಾಲ್ವತ್ತು ವರ್ಷ ಆಡಿದ ನಾಟಕದಲ್ಲಿ ಅವಳಿಗೆ ಹೆಸರೂ ಪಶ್ಚಾತ್ತಾಪವೂ ದೊರೆತವು. ಅಲ್ಲಿ ಅವಳು ಸಾಯುವುದಿಲ್ಲ. ರಂಗಭೂಮಿಯು ಕೆಲವು ವೇಳೆ ಗ್ರಂಥಕರ್ತನಿಗಿಂತ ದಯಾಳುವಾಗಿರುತ್ತದೆ.

ಅದೇ ಸಂಪುಟದ ‘ಸ್ಲೀಪಿ ಹಾಲೋ’ ಕಥೆಯ ಮಾತು ಸ್ವಲ್ಪದರಲ್ಲಿ ಮುಗಿಯುವಂಥದು. ಹಸಿವೂ ಮೂಢನಂಬಿಕೆಯೂ ಸಮನಾಗಿದ್ದ ಉಪಾಧ್ಯಾಯನೊಬ್ಬನನ್ನು ರುಂಡವಿಲ್ಲದ ಸವಾರನು ಓಡಿಸಿಬಿಡುವ ಆ ಕಥೆಯಲ್ಲಿ ಹ್ಯಾಲೊವೀನ್ ಹಬ್ಬದ ಪ್ರಸ್ತಾಪವೇ ಇಲ್ಲ. ಹಾಗಿದ್ದರೂ ಈಗ ಅಮೆರಿಕದಲ್ಲಿ ಆ ಹಬ್ಬದ ಕಥೆಯೆಂದರೆ ಅದೇ. ಬರೆದವನು ಇಂದ್ರಿಯಗೋಚರವಾದ ಊರೊಂದಕ್ಕೆ ಪುರಾಣವನ್ನು ಅಂಟಿಸಿದನು, ಊರು ಅದನ್ನು ತನ್ನದೆಂದು ಒಪ್ಪಿಕೊಂಡಿತು.

ಈ ಒಪ್ಪಿಗೆಯೇ ಅರ್ವಿಂಗನ ಪ್ರಭಾವದ ವಿಶೇಷ. ೧೮೦೯ರಲ್ಲಿ ಆತನು ನ್ಯೂಯಾರ್ಕಿನ ವಿಡಂಬನಾತ್ಮಕ ಚರಿತ್ರೆಯನ್ನು ಡೀಡ್ರಿಕ್ ನಿಕರ್‌ಬಾಕರ್ ಎಂಬ ಕಲ್ಪಿತ ಮುದುಕನ ಹೆಸರಿನಲ್ಲಿ ಹೊರತಂದನು. ಪ್ರಕಟಣೆಗೆ ಮೊದಲು ಆ ಮುದುಕನು ಕಾಣೆಯಾಗಿದ್ದಾನೆಂದು ಪತ್ರಿಕೆಗಳಲ್ಲಿ ಹುಸಿ ಜಾಹೀರಾತು ಕೊಡಿಸಿದ್ದನು. ಆ ಹೆಸರೇ ನ್ಯೂಯಾರ್ಕಿಗರಿಗೆಲ್ಲ ಅಡ್ಡಹೆಸರಾಗಿ, ೧೯೪೬ರಲ್ಲಿ ಸ್ಥಾಪಿತವಾದ ಅಲ್ಲಿಯ ಬ್ಯಾಸ್ಕೆಟ್‌ಬಾಲ್ ತಂಡದವರೆಗೆ ಬಂದಿದೆ. ಹಡ್ಸನ್ ತೀರದ ಉತ್ತರ ಟ್ಯಾರಿಟೌನ್ ಎಂಬ ಊರು, ಅರ್ವಿಂಗನು ತೀರಿಕೊಂಡು ಒಂದು ಶತಮಾನಕ್ಕೂ ಮಿಗಿಲಾದ ಬಳಿಕ, ೧೯೯೬ರಲ್ಲಿ ತನ್ನ ಹೆಸರನ್ನು ಸ್ಲೀಪಿ ಹಾಲೋ ಎಂದು ಬದಲಾಯಿಸಿಕೊಂಡಿತು. ಆತನ ಸಮಾಧಿಯೂ ಅಲ್ಲಿಯೇ ಇದೆ.