ಯಾವ ಅಸಲಿಗೆ ಈ ನಕಲು?

ಟೀವಿ ಧಾರಾವಾಹಿಗಳ ಹೆಸರಾಂತ ಕಾರುಗಳ ಪುಟ್ಟ ಮಾದರಿಗಳನ್ನು ಕೂಡಿಡುವವರಿಗೆ ಈಚೆಗೆ ಒಂದೇ ಮಾನದಂಡ: ತೆರೆಯ ಮೇಲೆ ಕಂಡದ್ದಕ್ಕೆ ಎಷ್ಟು ಹತ್ತಿರವೋ ಅಷ್ಟು ಶ್ರೇಷ್ಠ. 1:18 ಅಳತೆಯ ಬ್ಯಾಟ್‌ಮೊಬೈಲ್ ಕೈಗೆ ಬಂದರೆ ಡ್ಯಾಶ್‌ಬೋರ್ಡಿನ ಗುಂಡಿಗಳನ್ನು ಎಣಿಸುತ್ತಾರೆ, ಟೈರಿನ ಅಗಲ ನೋಡುತ್ತಾರೆ, ಅಂಚಿನ ಕೆಂಪು ಗೆರೆ ಕೂದಲೆಳೆಯಷ್ಟು ಜಾರಿದ್ದರೂ ತಕರಾರು ತೆಗೆಯುತ್ತಾರೆ. ಈ ಪರೀಕ್ಷೆಯಲ್ಲಿ 1966ರಲ್ಲಿ ಬ್ರಿಟನ್ನಿನ ಆಟಿಕೆ ಕಂಪನಿ ಕಾರ್ಗಿ ಹೊರತಂದ 267ನೇ ನಂಬರಿನ ಬ್ಯಾಟ್‌ಮೊಬೈಲ್‌ಗೆ ಸಿಗುವುದು ಮನೆಯ ಹಿರಿಯರಿಗೆ ಸಿಗುವಂಥ ಮರ್ಯಾದೆ: ಕಾಲಿಗೆ ಬೀಳುತ್ತಾರೆ, ಮಾತು ಕೇಳುವುದಿಲ್ಲ. ಆ ಕಾಲಕ್ಕೆ ಚೆನ್ನಾಗಿತ್ತು ಎಂದು ಷರಾ ಬರೆದು ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಈ ಹವ್ಯಾಸಕ್ಕೆ ದಕ್ಕಿರುವ ಅತ್ಯುತ್ತಮ ಕೃತಿ ಅದೇ. ಯಥಾವತ್ತು ಎಂದು ಬೀಗುವ ದುಬಾರಿ ಮಾದರಿಗಳಲ್ಲಿ ಬಹುಪಾಲು ಅದರ ಹತ್ತಿರಕ್ಕೂ ಸುಳಿಯಲಾರವು.

ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನದ ಕಾರು, ಅದನ್ನು ಕಟ್ಟಿದ ಟ್ಯೂರಿನ್ನಿನ ಘಿಯಾ, ಅದನ್ನು ಒಂದು ಡಾಲರಿಗೆ ಕೊಂಡು ಟೀವಿಯ ಬ್ಯಾಟ್‌ಮೊಬೈಲ್ ಆಗಿಸಿದ ಜಾರ್ಜ್ ಬ್ಯಾರಿಸ್, 2013ರ ಹರಾಜಿನಲ್ಲಿ ಅದಕ್ಕೆ ಬಂದ 46 ಲಕ್ಷ ಡಾಲರು ಇವೆಲ್ಲ ಈ ಬಳಗಕ್ಕೆ ಬಾಯಿಪಾಠ. ಅಸಲು ಎಂಬುದು ಎಲ್ಲೋ ಒಂದು ಕಡೆ ಒಂದೇ ಒಂದು ನಿಂತಿದೆ, ಅಳತೆಪಟ್ಟಿ ಹಿಡಿದು ಹೋದರೆ ಸಾಕು ಎಂಬ ಭ್ರಮೆಗೂ ಈ ಬಾಯಿಪಾಠವೇ ಮೂಲ. ಬ್ಯಾಟ್‌ಮೊಬೈಲ್‌ನ ಮಟ್ಟಿಗೆ ಅದು ಸುಮಾರಾಗಿ ನಿಜವೂ ಹೌದು. ಆದರೆ 1979ರಿಂದ 1985ರವರೆಗೆ ಓಡಿದ 'ದ ಡ್ಯೂಕ್ಸ್ ಆಫ್ ಹ್ಯಾಜರ್ಡ್' ಧಾರಾವಾಹಿಯ 'ಜನರಲ್ ಲೀ'ಯನ್ನು ನೋಡಿ. ಆ ಕಿತ್ತಳೆ ಬಣ್ಣದ ಡಾಡ್ಜ್ ಚಾರ್ಜರ್ ಒಂದು ಕಾರಲ್ಲ, ನೂರಾರು ಕಾರು. ಹಾರುವಾಗ ಮೂತಿ ಮೊದಲು ನೆಲಕ್ಕೆ ಬಡಿಯದಿರಲಿ ಎಂದು ಡಿಕ್ಕಿಯಲ್ಲಿ ಭಾರ ತುಂಬುತ್ತಿದ್ದರು. ಕೆಳಗೆ ಬಿದ್ದ ಕಾರು ಸೊಟ್ಟಗಾಗಿ ಗುಜರಿಗೆ ಹೋಗುತ್ತಿತ್ತು, ಮುಂದಿನ ಶಾಟ್‌ನಲ್ಲಿ ಇನ್ನೊಂದು ಬಂದು ನಿಲ್ಲುತ್ತಿತ್ತು. ಚಾರ್ಜರ್‌ಗಳು ಸಿಗುವುದೇ ಕಷ್ಟವಾದಾಗ ಕಡೆಯ ಸೀಸನ್ನಿನಲ್ಲಿ ಹಾರುವ ದೃಶ್ಯಗಳಿಗೆ ಪುಟ್ಟ ಮಾದರಿಗಳನ್ನೇ ಬಳಸಿದರು. ಅಂದರೆ ತೆರೆಯ ಮೇಲಿನ ಅಸಲೇ ಅಲ್ಲಿ ನಕಲು. ಗಾಜಿನ ಕಪಾಟಿನಲ್ಲಿ ನೆಟ್ಟಗೆ, ಹೊಳೆಯುತ್ತ ಕೂತಿರುವ 1:18 ಜನರಲ್ ಲೀ ಇವುಗಳಲ್ಲಿ ಯಾವುದರ ಪ್ರತಿರೂಪ? ಇನ್ನೂ ಹಾರಿರದ ಕಾರಿನದು. ಆ ಕಾರನ್ನು ಯಾವ ಪ್ರೇಕ್ಷಕನೂ ನೆನಪಿಟ್ಟುಕೊಂಡಿಲ್ಲ.

ಈಗ 267ಕ್ಕೆ ಬರೋಣ. ಸುಮಾರು 1:43 ಅಳತೆ, ಅಂಗೈಯಲ್ಲಿ ಹಿಡಿಸುವ ಸತುವಿನ ಮಿಶ್ರಲೋಹದ ಎರಕ. ಅದರ ಹಿಂಬದಿಯಲ್ಲೊಂದು ಜ್ವಾಲೆಯಿದೆ: ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ತುಂಡು. ಕಾರನ್ನು ಉರುಳಿಸಿದರೆ ಚಕ್ರದ ಚಲನೆಗೆ ತಕ್ಕಂತೆ ಅದು ಒಳಹೋಗಿ ಹೊರಬರುತ್ತದೆ. ನಿಲ್ಲಿಸಿದರೆ ನಿಲ್ಲುತ್ತದೆ. ಇದು ಅಸಂಬದ್ಧ ಎಂದು ಯಥಾವತ್ ಪಂಗಡದವರ ಆಕ್ಷೇಪ: ಬೆಂಕಿ ಹಾಗೆ ಲಯಬದ್ಧವಾಗಿ ನಾಲಗೆ ಚಾಚುವುದಿಲ್ಲ, ಚಿತ್ರೀಕರಣದ ಕಾರು ನಿಜವಾದ ಬೆಂಕಿಯನ್ನೇ ಉಗುಳುತ್ತಿತ್ತು ಎಂದು. ಒಪ್ಪಿದೆ. ಆದರೆ 'ಬ್ಯಾಟ್‌ಮನ್' ಧಾರಾವಾಹಿ ನೋಡಿದವನ ಕಣ್ಣಲ್ಲಿ ಕೂತದ್ದು ಯಾವುದು? ಕಂತಿನಿಂದ ಕಂತಿಗೆ ಮರಳುತ್ತಿದ್ದ ಒಂದೇ ತುಣುಕು: ಗುಹೆಯಿಂದ ಕಾರು ನುಗ್ಗುತ್ತದೆ, ದಾರಿಯ ತಡೆ ಮಗುಚಿಕೊಳ್ಳುತ್ತದೆ, ಬಾಲದಲ್ಲಿ ಬೆಂಕಿ. ಅದೊಂದು ಪಲ್ಲವಿ. ಕಾರ್ಗಿಯ ವಿನ್ಯಾಸಕಾರರು ಬೆಂಕಿಯ ಆಕಾರವನ್ನು ನಕಲು ಮಾಡಲು ಹೋಗಲಿಲ್ಲ, ಪಲ್ಲವಿಯ ಮರುಕಳಿಕೆಯನ್ನು ಹಿಂಚಕ್ರದ ಅಚ್ಚಿಗೆ ಕಟ್ಟಿದರು. ಜೋರಾಗಿ ತಳ್ಳಿದರೆ ಜ್ವಾಲೆ ಜೋರು, ಮೆಲ್ಲಗೆ ತಳ್ಳಿದರೆ ಮೆಲ್ಲಗೆ. ತೆರೆಯ ಮೇಲೆ ಬೆಂಕಿ ಯಾವಾಗ ಕಾಣಬೇಕೆಂದು ನಿರ್ದೇಶಕ ಹೇಳುತ್ತಿದ್ದ. ಇಲ್ಲಿ ಆ ಅಧಿಕಾರ ಆಡುವವನ ಮಣಿಕಟ್ಟಿಗೆ ಬಂತು. ಬ್ಯಾಟರಿಯಿಲ್ಲ, ತಂತಿಯಿಲ್ಲ, ಒಂದು ಯಾಂತ್ರಿಕ ಜೋಡಣೆ ಅಷ್ಟೆ.

ಮೂತಿಯಲ್ಲಿರುವ ಸರಪಳಿ ಕತ್ತರಿಸುವ ಅಲಗನ್ನೂ ಹೀಗೇ ಓದಬೇಕು. ಬಾನೆಟ್ಟಿನ ಮೇಲಿನ ಬಾವಲಿ ಲಾಂಛನವನ್ನು ಒತ್ತಿದರೆ ಅಲಗು ಛಕ್ಕನೆ ಹೊರಗೆ. ಗುಂಡಿಗೆಂದು ಬೇರೊಂದು ಉಬ್ಬನ್ನು ಎಬ್ಬಿಸಿ ಮೈಯ ಅಂದ ಕೆಡಿಸಲಿಲ್ಲ, ಅಲಂಕಾರವನ್ನೇ ಕೀಲಿಯಾಗಿಸಿದರು. ಅಳತೆಗೆ ಅಲಗು ದೊಡ್ಡದಾಯಿತು ಎನ್ನುತ್ತಾರೆ. ಆಗಲೇಬೇಕು. ಅಳತೆಗೆ ಸರಿಯಾಗಿ ಮಾಡಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಇನ್ನು ಅಂಚಿನ ಗೆರೆಗಳು. ಟೀವಿಯ ಕಾರಿಗೆ ಹೊಳೆಯುವ ಕೆಂಪಂಚು ಇತ್ತು, 267ಕ್ಕೆ ಇಲ್ಲ, ಇದೇ ದೊಡ್ಡ ದೋಷವಂತೆ. ಕಪ್ಪು ಕಾರನ್ನು ಕ್ಯಾಮೆರಾ ಹಿಡಿಯುವಾಗ ರೆಕ್ಕೆಯ ತಿರುವುಗಳು ಕತ್ತಲಲ್ಲಿ ಕರಗಿಹೋಗುತ್ತವೆ. ಆ ಅಂಚು ಆಕಾರವನ್ನು ಎತ್ತಿ ತೋರಿಸುತ್ತಿತ್ತು. ಅಂಗೈಯಲ್ಲಿರುವ ಕಾರಿನ ಆಕಾರವನ್ನು ಬೆರಳೇ ಓದಿಕೊಳ್ಳುತ್ತದೆ, ಅದಕ್ಕೆ ಗೆರೆಯ ಊರುಗೋಲು ಬೇಡ. ಕಾರ್ಗಿಯವರು ಇಷ್ಟೆಲ್ಲ ಯೋಚಿಸಿದ್ದರೋ, ಬರೀ ಬಣ್ಣದ ಖರ್ಚು ಉಳಿಸಿದರೋ ಎಂದು ಕೇಳಬಹುದು. ಉಳಿಸಿಯೇ ಇರಬಹುದು. ಕೃತಿ ಚೆನ್ನಾಗಿದ್ದರೆ ಕಾರಣ ಕೇಳುವ ಅಭ್ಯಾಸ ನನಗಿಲ್ಲ.

ಕಾರ್ಗಿಯ ಭಕ್ತನೆಂದು ತಿಳಿಯಬೇಡಿ. 1967ರ ಸುಮಾರಿಗೆ ಬ್ಯಾಟ್‌ಬೋಟನ್ನು ಎಳೆಸುವ ಸಲುವಾಗಿ ಇದೇ ಕಾರಿನ ಹಿಂದೆ ಕೊಂಡಿ ಸಿಕ್ಕಿಸಿದ್ದು ಶುದ್ಧ ವ್ಯಾಪಾರ. ಜ್ವಾಲೆಯ ಕೆಳಗೆ ಅದು ಕಣ್ಣಿಗೆ ಚುಚ್ಚುತ್ತದೆ. 1977ರ 'ಸ್ಟಾರ್ಸ್ಕಿ ಅಂಡ್ ಹಚ್' ಗ್ರ್ಯಾನ್ ಟೊರಿನೊ ಅಂತೂ ಕೆಂಪು ಬಣ್ಣ, ಬಿಳಿ ಪಟ್ಟೆ, ಜೊತೆಗೆ ಮೂರು ಗೊಂಬೆ ಅಷ್ಟೆ. ಕಾರು ತಾನಾಗಿ ಏನನ್ನೂ ಮಾಡುವುದಿಲ್ಲ. ಹಾಗೆಯೇ ದೊಡ್ಡ ಅಳತೆಯ 'ನೈಟ್ ರೈಡರ್' ಟ್ರಾನ್ಸ್ ಆಮ್‌ಗಳಲ್ಲಿ ಮೂತಿಯ ಕೆಂಪು ದೀಪ ನಿಜವಾಗಿ ಅತ್ತಿಂದಿತ್ತ ಓಡುವಂಥವು ಇವೆ. ಅವಕ್ಕೆ ನನ್ನ ಪೂರ್ಣ ಅಂಕ. ದೀಪ ಓಡದಿದ್ದರೆ 'ಕಿಟ್' ಎಂಬ ಹೆಸರಿನ ಆ ಕಾರು, ಒಳಗಿನ ಸೀಟು ಎಷ್ಟೇ ನಾಜೂಕಾಗಿರಲಿ, ಬರೀ ಕಪ್ಪು ಪಾಂಟಿಯಾಕ್.

ನನ್ನ ಜಗಳ ಹೆಚ್ಚಾಗಿ ಇರುವುದು ಬೆಲೆಯನ್ನೇ ವಿಮರ್ಶೆ ಎಂದುಕೊಂಡವರ ಜೊತೆ. 267ರ ಪೆಟ್ಟಿಗೆಯಲ್ಲಿ ಹನ್ನೆರಡು ಹಳದಿ ರಾಕೆಟ್ಟುಗಳು ಒಂದೇ ಪ್ಲಾಸ್ಟಿಕ್ ಕಡ್ಡಿಗೆ ಅಂಟಿಕೊಂಡು ಬರುತ್ತಿದ್ದವು. ಅವನ್ನು ಕಿತ್ತು, ಹಿಂದಿನ ಮೂರು ಕೊಳವೆಗಳಲ್ಲಿಟ್ಟು ಹಾರಿಸಲೆಂದೇ ಕೊಟ್ಟದ್ದು. ಇವತ್ತು ಹನ್ನೆರಡೂ ಕಡ್ಡಿಯಲ್ಲೇ ಉಳಿದ ಪ್ರತಿಗೆ ಎಲ್ಲಿಲ್ಲದ ಬೆಲೆ, ಕಾರ್ಖಾನೆಯಿಂದ ಮೊದಲು ಬಂದ, ಹೊಳಪಿಲ್ಲದ ಕಪ್ಪಿನ ಪ್ರತಿಗೆ ಇನ್ನೂ ಹೆಚ್ಚು. ಅಪರೂಪವೆಂಬುದು ಮಾರುಕಟ್ಟೆಯ ಗುಣ, ಕೃತಿಯ ಗುಣವಲ್ಲ. ಒಮ್ಮೆಯೂ ರಾಕೆಟ್ ಹಾರಿಸದ ಕಾರನ್ನು 'ಪರಿಪೂರ್ಣ' ಎನ್ನುವವರು ಪುಟ ಕತ್ತರಿಸದ ಕಾದಂಬರಿಗೂ ಬಹುಮಾನ ಕೊಟ್ಟಾರು. ಇದೆಲ್ಲ ಬಾಲ್ಯದ ಹಂಬಲ ಎಂದು ಕೈತೊಳೆದುಕೊಳ್ಳುವವರ ಮಾತೂ ನಿಲ್ಲುವುದಿಲ್ಲ. ಬೆಂಗಳೂರಿನ ಮಾಲ್‌ಗಳಲ್ಲಿ ಹಾಟ್ ವೀಲ್ಸ್ ಬ್ಯಾಟ್‌ಮೊಬೈಲ್‌ಗೆ ಕೈಚಾಚುವ ಹುಡುಗರಲ್ಲಿ ಎಷ್ಟು ಮಂದಿ 1966ರ ಒಂದು ಕಂತನ್ನಾದರೂ ನೋಡಿದ್ದಾರು?

ಯಥಾವತ್ ವಾದ ನಿರಪಾಯವೂ ಅಲ್ಲ. 2015ರ ಜೂನ್‌ನಲ್ಲಿ ಅಮೆರಿಕದ ಚಾರ್ಲ್ಸ್ಟನ್‌ನಲ್ಲಿ ಕಪ್ಪು ಜನರ ಚರ್ಚಿನ ಹತ್ಯಾಕಾಂಡದ ಬೆನ್ನಿಗೆ, ಗುಲಾಮಗಿರಿಯ ಪರ ನಿಂತ ದಕ್ಷಿಣ ರಾಜ್ಯಗಳ ಕಾನ್ಫೆಡರೇಟ್ ಬಾವುಟವನ್ನು ಛಾವಣಿಯ ಮೇಲೆ ಹೊತ್ತ ಜನರಲ್ ಲೀ ಆಟಿಕೆಗಳಿಗೆ ವಾರ್ನರ್ ಬ್ರದರ್ಸ್ ಪರವಾನಗಿ ನಿಲ್ಲಿಸಿತು. ಬಾವುಟವಿಲ್ಲದ ಮಾದರಿ ಸುಳ್ಳು ಎಂದು ಸಂಗ್ರಾಹಕರು ಗೋಳಾಡಿದರು. ಡಿಕ್ಕಿಯ ಭಾರ, ಬಾಗಿದ ಚಾಸಿ, ಪುಟ್ಟ ಮಾದರಿಗಳು ಇವು ಯಾವುವೂ ಇಲ್ಲದ ಆಟಿಕೆಯನ್ನು ಅಷ್ಟು ವರ್ಷ ಸತ್ಯವೆಂದು ಒಪ್ಪಿದ್ದವರಿಗೆ ಸುಳ್ಳು ಕಂಡದ್ದು ಛಾವಣಿಯಲ್ಲಿ ಮಾತ್ರ.

ಬಣ್ಣದ ವಿಷಯದಲ್ಲೂ ಇದೇ ಕಥೆ: ಡಿಂಕಿ ಎಂಬ ಇನ್ನೊಂದು ಆಟಿಕೆ ಕಂಪನಿಯ, 'ಯುಎಫ್‌ಒ' ಧಾರಾವಾಹಿಯ ಇಂಟರ್‌ಸೆಪ್ಟರ್ (ಅದು ಬಾಹ್ಯಾಕಾಶ ನೌಕೆ, ಕಾರಲ್ಲ, ಆದರೂ ಇದೇ ಕಪಾಟಿನದು) ತೆರೆಯ ಮೇಲೆ ಬಿಳಿ, ಆಟಿಕೆಯಾಗಿ ಹಸಿರು. ಅದನ್ನು ತಪ್ಪು ಎಂದು ಪಟ್ಟಿ ಮಾಡಿದವರಲ್ಲಿ ಹೆಚ್ಚಿನವರು, ಮೂತಿಯ ದೊಡ್ಡ ಕ್ಷಿಪಣಿ ಧಾರಾವಾಹಿಯಲ್ಲಿದ್ದಂತೆಯೇ ಚಿಮ್ಮುತ್ತದೆ ಎಂಬುದಕ್ಕೆ ಒಂದು ಸಾಲನ್ನೂ ಮೀಸಲಿಡುವುದಿಲ್ಲ. ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ರಾಕೆಟ್ಟುಗಳು ಕಳೆದುಹೋದ, ಪೆಟ್ಟಿಗೆಯಿಲ್ಲದ 267 ಸಿಕ್ಕಿದರೆ ಚೌಕಾಸಿ ಮಾಡಿ ಕೊಳ್ಳಿ. ಬದಲಿ ರಾಕೆಟ್ಟುಗಳನ್ನು ಬಿಡಿಯಾಗಿ ಮಾರುವವರಿದ್ದಾರೆ. ದುಡ್ಡು ಕೊಡುವ ಮೊದಲು ಮಾತ್ರ ಅಂಗಡಿಯ ಮೇಜಿನ ಮೇಲೆ ಒಮ್ಮೆ ಉರುಳಿಸಿ ನೋಡಿ, ಜ್ವಾಲೆ ಆಡದಿದ್ದರೆ ಬಿಟ್ಟು ಬನ್ನಿ.