ರೇಜರ್ ಆಮೇಲೆ, ಮೊದಲು ನೀರು

ಐದು ಅಲಗಿನ ಕಾರ್ಟ್ರಿಜ್ಜಿಗೆ ದುಡ್ಡು ಸುರಿದು ಸಾಕಾದವರು, ಕತ್ತಿನ ತುಂಬ ಕೆಂಪು ಗುಳ್ಳೆ ಎದ್ದು ಬೇಸತ್ತವರು, ಅಜ್ಜನ ಶೇವಿಂಗ್ ಸೆಟ್ಟು ಅಟ್ಟದ ಮೇಲೆ ಸಿಕ್ಕಿತೆಂದು ಹುರುಪಾದವರು. ಮೂರೂ ಬಗೆಯವರು ಕೇಳುವುದು ಒಂದೇ ಪ್ರಶ್ನೆ: ಮೊದಲ ಸೇಫ್ಟಿ ರೇಜರ್ ಯಾವುದು ತಗೊಳ್ಳೋಣ? ಕೇಳಿದವರು ಬೆಂಗಳೂರಿನ ಗಂಗಾನಗರ, ಆರ್.ಟಿ. ನಗರ, ಹೆಬ್ಬಾಳದ ಕಡೆಯವರಾದರೆ ನಾನು ತಿರುಗಿ ಕೇಳುತ್ತೇನೆ: ನಿಮ್ಮ ಮನೆಗೆ ಬರುವುದು ಕಾವೇರಿಯೋ, ಬೋರ್‌ವೆಲ್ಲೋ?

ಕೊಂಕು ಮಾತಲ್ಲ ಇದು. ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಸಾಬೂನು ಸೋಕಿದೊಡನೆ ಅವು ಅದರ ಕೊಬ್ಬಿನಾಮ್ಲವನ್ನು ಹಿಡಿದುಕೊಂಡು, ನೀರಿಗೆ ಜಗ್ಗದ ಜಿಡ್ಡಾಗಿಬಿಡುತ್ತವೆ. ಬಕೆಟ್ಟಿನ ಒಳಸುತ್ತಿಗೆ ಕೂರುವ ಬಿಳಿ ಪಟ್ಟೆ ಅದೇ. ಇಂಥ ನೀರಿನಲ್ಲಿ ಬ್ರಷ್ಷನ್ನು ಎಷ್ಟು ತಿರುವಿದರೂ ಏಳುವುದು ದೊಡ್ಡ ದೊಡ್ಡ ಗುಳ್ಳೆಯ ತೆಳು ನೊರೆ. ಒಂದು ಕೆನ್ನೆ ಮುಗಿಸಿ ಗಲ್ಲಕ್ಕೆ ಬರುವಷ್ಟರಲ್ಲಿ ಇನ್ನೊಂದು ಕೆನ್ನೆಯ ಮೇಲಿನದು ಒಣಗಿ ಪುಡಿಯಾಗಿರುತ್ತದೆ. ಒಣಗಿದ ನೊರೆಯ ಮೇಲೆ ಜರ್ಮನಿಯ ರೇಜರೂ ಒಂದೇ, ಸಂತೆಯ ರೇಜರೂ ಒಂದೇ. ಎರಡೂ ಚರ್ಮವನ್ನೇ ಹೆರೆಯುತ್ತವೆ.

ಪರೀಕ್ಷೆ ಮಾಡಿ ನೋಡಬೇಕೆಂದರೆ ಎರಡು ಖಾಲಿ ಬಾಟಲಿ ಸಾಕು. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಫಿಲ್ಟರಿನ ಆರ್‌ಒ ನೀರು. ಎರಡಕ್ಕೂ ಸಾಬೂನಿನ ಚೂರು ಹೆರೆದು ಹಾಕಿ, ಚೆನ್ನಾಗಿ ಕುಲುಕಿ ಪಕ್ಕಪಕ್ಕ ಇಡಿ. ಒಂದರಲ್ಲಿ ಮಡ್ಡಿ, ಇನ್ನೊಂದರಲ್ಲಿ ನೊರೆ ಕಂಡರೆ ನಿಮ್ಮ ಕತ್ತಿನ ಉರಿಗೆ ಅರ್ಧ ಕಾರಣ ಸಿಕ್ಕಂತೆ. ಮದ್ದೂ ದುಬಾರಿಯದಲ್ಲ. ಕುಡಿಯುವ ನೀರನ್ನೇ ಒಂದು ಲೋಟ ಬಿಸಿ ಮಾಡಿಕೊಳ್ಳಿ, ಬ್ರಷ್ಷು ಅದ್ದಲು ಅದನ್ನೇ ಬಳಸಿ. ಮನೆಯಲ್ಲಿ ಫಿಲ್ಟರಿಲ್ಲದಿದ್ದರೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಇದ್ದೇ ಇದೆ.

ಒಂದು ಲೋಟದಲ್ಲಿ ಶೇವಿಂಗ್ ಮುಗಿಯುತ್ತದೆಯೇ ಎಂದು ಹುಬ್ಬೇರಿಸುವವರಿಗೆ ಜಿಲೆಟ್ ಕಂಪನಿಯವರದೇ ಕತೆ ಹೇಳಬೇಕು. ಭಾರತಕ್ಕೆಂದೇ ಅವರೊಂದು ಹೊಸ ರೇಜರ್ ಮಾಡಿ, ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ನಮ್ಮ ಹುಡುಗರ ಕೈಗೆ ಕೊಟ್ಟು ಪರೀಕ್ಷಿಸಿದರು. ಹುಡುಗರು ಭೇಷ್ ಎಂದರು. 2002ರಲ್ಲಿ ಇಲ್ಲಿ ಮಾರಾಟಕ್ಕೆ ಬಿಟ್ಟಾಗ ಅದು ಕೂದಲು ಕಟ್ಟಿಕೊಂಡು ನಿಂತೇಬಿಟ್ಟಿತು. ಎಂಐಟಿ ಹಾಸ್ಟೆಲಿನಲ್ಲಿ ಬಿಟ್ಟಷ್ಟೂ ಹರಿಯುವ ನಲ್ಲಿ; ಇಲ್ಲಿನ ಲಕ್ಷಾಂತರ ಗಂಡಸರು ನೆಲದ ಮೇಲೆ ಕೂತು, ಕನ್ನಡಿ ಒರಗಿಸಿಕೊಂಡು, ಒಂದು ಲೋಟ ನೀರಿನಲ್ಲಿ ರೇಜರ್ ಅದ್ದಿ ಅದ್ದಿ ಕೆಲಸ ಮುಗಿಸುವವರು. ಆಮೇಲೆ ಕಂಪನಿಯವರು ಇಲ್ಲಿಗೇ ಬಂದು ಮನೆ ಮನೆ ನೋಡಿ, 2010ರಲ್ಲಿ ತಂದದ್ದು ಒಂದೇ ಅಲಗಿನ ಗಾರ್ಡ್: ರೇಜರಿಗೆ 15 ರೂಪಾಯಿ, ಕಾರ್ಟ್ರಿಜ್ಜಿಗೆ 5. ಹಳೆಯ ಸೇಫ್ಟಿ ರೇಜರಿಗೆ ಈ ತೊಂದರೆಯೇ ಇರಲಿಲ್ಲವೆನ್ನಿ. ಇರುವುದೊಂದೇ ಅಲಗು, ಅದರ ಎರಡು ಪಕ್ಕವೂ ಬಯಲು. ಲೋಟದಲ್ಲಿ ಅಲ್ಲಾಡಿಸಿದರೆ ಕೂದಲು, ನೊರೆ ಎಲ್ಲ ಬಿಟ್ಟುಕೊಡುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಸಾಲು ನಿಂತ ಊರಿಗೆ ಇದಕ್ಕಿಂತ ಒಳ್ಳೆಯ ರೇಜರ್ ಯಾವುದು?

ನೀರಾಯಿತು, ಈಗ ಬ್ಲೇಡು. ಈ ವಿಷಯದಲ್ಲಿ ನಾವು ಪುಣ್ಯವಂತರು. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಈ ಹವ್ಯಾಸ ಹಿಡಿದವನು ಬ್ಲೇಡನ್ನು ಹೆಚ್ಚಾಗಿ ಅಂಚೆಯಲ್ಲಿ ತರಿಸಿಕೊಳ್ಳುತ್ತಾನೆ. ಗಂಗಾನಗರದಲ್ಲಿ ಹಾಲು ತರಲು ಹೋದ ಅಂಗಡಿಯಲ್ಲೇ, ಶಾಂಪೂ ಸ್ಯಾಶೆಗಳ ಸರದ ಪಕ್ಕದಲ್ಲಿ ಸಿಗುತ್ತದೆ. ಇದಕ್ಕೆ ನಮ್ಮ ಸಲೂನುಗಳಿಗೆ ಕೃತಜ್ಞರಾಗಿರಬೇಕು. ತೊಂಬತ್ತರ ದಶಕದಲ್ಲಿ ಎಚ್‌ಐವಿ ಬಗ್ಗೆ ಅರಿವು ಹರಡಿದ ಮೇಲೆ, ಚರ್ಮದ ಪಟ್ಟಿಗೆ ಮಸೆಯುತ್ತಿದ್ದ ಕತ್ತಿ ಹಿಂದೆ ಸರಿದು, ಗಿರಾಕಿಗೊಂದು ಹೊಸ ಬ್ಲೇಡು ಹಾಕುವ ಹಿಡಿ ಬಂತು. ಸಿಬಿಐ ರಸ್ತೆಯ ಕಡೆ ಯಾವ ಸಲೂನಿನಲ್ಲಾದರೂ ಸರದಿಗೆ ಕಾಯುತ್ತಾ ಕೂತಾಗ ಗಮನಿಸಿ. ಬ್ಲೇಡಿನ ಕಾಗದ ಬಿಚ್ಚದೆಯೇ ಉದ್ದಕ್ಕೆ ಹಿಡಿದು ಮಡಚುತ್ತಾರೆ. ಚಟ್ ಎಂದು ಸದ್ದು. ಕಾಗದದೊಳಗೆ ಬ್ಲೇಡು ನಡುವಿನ ಸೀಳಿನ ಗುಂಟ ಸರಿಯಾಗಿ ಎರಡು ಹೋಳಾಗಿರುತ್ತದೆ. ಒಂದು ಹೋಳು ಹಿಡಿಗೆ, ಇನ್ನೊಂದು ಮುಂದಿನ ಗಿರಾಕಿಗೆ. ಊರ ತುಂಬ ದಿನಕ್ಕೆ ಇಷ್ಟೊಂದು ಬ್ಲೇಡು ಮುರಿಯುವುದರಿಂದಲೇ ನಮ್ಮಲ್ಲಿ ಇದು ಹಳೆಯ ಕಾಲದ ಸಾಮಾನಾಗದೆ ದಿನಬಳಕೆಯ ಸಾಮಾನಾಗಿ ಉಳಿದಿದೆ.

ಟೋಪಾಜ್, ಲೇಸರ್, ಸೂಪರ್‌ಮ್ಯಾಕ್ಸ್ ಮೂರೂ ಮಲ್ಹೋತ್ರಾ ಕುಟುಂಬದ ಬೇರೆ ಬೇರೆ ಕವಲುಗಳಿಂದ ಬಂದ ಹೆಸರುಗಳು. ಜೊತೆಗೆ ಜಿಲೆಟ್‌ನವರ ಸೆವೆನ್ ಓ ಕ್ಲಾಕ್, ವಿಲ್ಕಿನ್ಸನ್ ಸ್ವೋರ್ಡ್. ಒಂದೊಂದು ಪೊಟ್ಟಣ ತಂದು ಒಂದೊಂದನ್ನೂ ಒಂದೆರಡು ವಾರ ಬಳಸಿ ನೋಡಿ. ಒಬ್ಬರಿಗೆ ಬೆಣ್ಣೆಯಂತೆ ಸಾಗಿದ ಬ್ಲೇಡು ಇನ್ನೊಬ್ಬರಿಗೆ ಗರಗಸ. ಗಡ್ಡದ ಒರಟುತನ, ಚರ್ಮದ ಗುಣ ಎರಡೂ ಸೇರಿ ತೀರ್ಮಾನಿಸುವ ಸಂಗತಿ ಅದು. ಜಪಾನಿನ ಫೆದರ್ ಬ್ಲೇಡಿನ ಕೀರ್ತಿ ಕೇಳಿ ಮೊದಲ ದಿನವೇ ಅದನ್ನು ಹಾಕಿಕೊಂಡು ಕೂರಬೇಡಿ. ಅದರ ಹರಿತಕ್ಕೆ ನಿಮ್ಮ ಕೈ ಇನ್ನೂ ತಯಾರಾಗಿರುವುದಿಲ್ಲ. ಒಂದು ಬ್ಲೇಡು ನಾಲ್ಕೈದು ಸಲ ಬರುತ್ತದೆ. ಕೂದಲು ಕತ್ತರಿಸುವ ಬದಲು ಜಗ್ಗತೊಡಗಿದ ದಿನ ತೆಗೆದುಬಿಡಿ, ಜುಗ್ಗತನ ಬೇಡ.

ಇನ್ನು ರೇಜರ್. ನನ್ನ ಮತ ಖಚಿತ: ಮೂರು ತುಂಡಿನದು, ಮೆದು ಸ್ವಭಾವದ್ದು, ಬ್ಲೇಡಿನ ಕೆಳಗೆ ಬಾಚಣಿಗೆಯ ಹಲ್ಲಿಲ್ಲದೆ ನೇರ ಪಟ್ಟಿ ಇರುವುದು. ಮೆದು ಅಂದರೆ ಬ್ಲೇಡು ಹೊರಗೆ ಚಾಚಿರುವುದು ಕಡಿಮೆ, ಬ್ಲೇಡಿಗೂ ಪಟ್ಟಿಗೂ ನಡುವಿನ ಸಂದು ಕಿರಿದು. ಸಂದು ಹೆಚ್ಚಿದ ರೇಜರ್ ಒಂದೇ ಎಳೆತಕ್ಕೆ ಹೆಚ್ಚು ಕೂದಲು ತೆಗೆಯುತ್ತದೆ ನಿಜ. ಕೈ ಪಳಗದವನ ಹತ್ತಿರ ಅಷ್ಟೇ ಚರ್ಮವನ್ನೂ ತೆಗೆಯುತ್ತದೆ. ಹಿಡಿಯ ತುದಿ ತಿರುವಿದರೆ ಎರಡು ರೆಕ್ಕೆ ಬಿಚ್ಚಿಕೊಳ್ಳುವ ಬಟರ್‌ಫ್ಲೈ ರೇಜರ್ ನೋಡಲು ಚೆಂದ, ಬ್ಲೇಡು ಹಾಕುವುದೂ ಸಲೀಸು. ನಮ್ಮೂರಿನ ಮಟ್ಟಿಗೆ ಅದನ್ನು ನಾನು ಹೊಸಬರಿಗೆ ಹೇಳುವುದಿಲ್ಲ. ಬೋರಿನ ಸುಣ್ಣ, ಸಾಬೂನಿನ ಜಿಡ್ಡು ಎರಡೂ ಆ ಕೀಲುಗಳೊಳಗೆ ಸೇರಿಕೊಂಡರೆ ಒಂದು ದಿನ ರೆಕ್ಕೆ ಪೂರ್ತಿ ಮುಚ್ಚುವುದಿಲ್ಲ, ಬ್ಲೇಡು ಓರೆಯಾಗಿ ಕೂರುತ್ತದೆ. ಮೂರು ತುಂಡಿನದಾದರೆ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ ಇಟ್ಟರಾಯಿತು. ಬಿಳಿ ಕಲೆ ಕೂತಿದ್ದರೆ ನಿಂಬೆರಸ ಸವರಿ ಕೂಡಲೇ ತೊಳೆಯಿರಿ. ಹುಳಿಯಲ್ಲಿ ನೆನೆಹಾಕಿ ಮರೆತರೆ ಮೆರುಗೇ ಹೋದೀತು.

ಲೋಹವನ್ನೂ ಸ್ವಲ್ಪ ನೋಡಬೇಕು. ಹೆಚ್ಚಿನ ರೇಜರುಗಳ ತಲೆ ಜಾಮಾಕ್ ಎಂಬ ಸತು ಬೆರೆತ ಲೋಹದ್ದು, ಮೇಲೆ ಕ್ರೋಮಿನ ಹೊದಿಕೆ. ಹೊದಿಕೆ ಗಟ್ಟಿಯಿರುವವರೆಗೆ ಚಿಂತೆಯಿಲ್ಲ; ಅದು ಎದ್ದರೆ ಒಳಗಿನದು ಸವೆಯುತ್ತದೆ, ಕೈಜಾರಿ ಬಚ್ಚಲಿನ ಗ್ರಾನೈಟ್ ಮೇಲೆ ಬಿದ್ದರೆ ತಿರುಪಿನ ಮೊಳೆ ಮುರಿಯುವುದೂ ಉಂಟು. ಹಿತ್ತಾಳೆ ಇದಕ್ಕಿಂತ ಗಟ್ಟಿ, ಸ್ಟೇನ್‌ಲೆಸ್ ಸ್ಟೀಲ್ ಎಲ್ಲಕ್ಕಿಂತ ಗಟ್ಟಿ, ಬೆಲೆಯೂ ಹಾಗೆಯೇ. ಜರ್ಮನಿಯ ಮೆರ್ಕೂರ್, ಮ್ಯೂಲೆ ಒಳ್ಳೆಯ ಮನೆತನದವು, ತೂಕವೂ ಹದವಾದದ್ದು. ಆದರೆ ಮೊದಲ ರೇಜರಿಗೆ ಸಾವಿರಾರು ರೂಪಾಯಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಪರ್ಲ್, ಪಾರ್ಕರ್, ಬಾಂಬೆ ಶೇವಿಂಗ್ ಕಂಪನಿ ಮುಂತಾದವರ ಸಾದಾ ಮಾದರಿಯೊಂದರಲ್ಲಿ ಆರು ತಿಂಗಳು ಕೈ ಪಳಗಿಸಿ, ಆಮೇಲೆ ಶೋಕಿ ಮಾಡಿ. ಅಟ್ಟದಲ್ಲಿ ಸಿಕ್ಕ ಅಜ್ಜನ ಜಿಲೆಟ್ಟನ್ನೋ, ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಹೆಕ್ಕಿದ್ದನ್ನೋ ಬಳಸುವುದಾದರೆ ಒಂದು ಕೆಲಸ ಮಾಡಿ. ಬ್ಲೇಡು ಹಾಕಿ ಬಿಗಿದು, ಬೆಳಕಿಗೆ ಹಿಡಿದು, ಎರಡೂ ಬದಿಯ ಸಂದು ಸಮನಾಗಿದೆಯೇ ನೋಡಿ. ಒಂದು ಬದಿ ಅಗಲ, ಇನ್ನೊಂದು ಕಿರಿದಾಗಿದ್ದರೆ ತಲೆ ಬಾಗಿದೆ ಎಂದರ್ಥ. ಅದು ಷೋಕೇಸಿಗೆ.

ಸೇಫ್ಟಿ ರೇಜರ್ ಎಂಬ ಈ ಪುಟ್ಟ ಯಂತ್ರದ ಆರಂಭ ಮಾತ್ರ ನಿಧಾನದ್ದು. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಬಿರಡೆ ಕಂಪನಿಯ ಸೇಲ್ಸ್‌ಮನ್, ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರನ ನೆರವಿನಿಂದ ಕಾಗದದಷ್ಟು ತೆಳುವಾದ ಉಕ್ಕಿಗೆ ಹರಿತ ಕೊಡುವ ಬಗೆ ಕಂಡುಕೊಂಡ. 1903ರಲ್ಲಿ, ಮಾರಾಟದ ಮೊದಲ ವರ್ಷ, ಹೋದದ್ದು 51 ರೇಜರ್, 168 ಬ್ಲೇಡು. ಮರುವರ್ಷ 90,884 ರೇಜರ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರ ತನ್ನ ಸೈನಿಕರಿಗಾಗಿ 35 ಲಕ್ಷ ರೇಜರ್ ಕೊಂಡಿತು. ಯುದ್ಧ ಮುಗಿಸಿ ಬಂದವರು ಆ ಅಭ್ಯಾಸವನ್ನು ಊರಿಗೂ ತಂದರು.

ಅದೇ ಯುದ್ಧ ನಮ್ಮ ಕಡೆ ಇನ್ನೊಂದು ಕೆಲಸ ಮಾಡಿತು. ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಕೊರಡು ಹೋಗದೆ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿ. ಕೊರಡು ಹೋಗದಿದ್ದರೆ ಎಣ್ಣೆಯನ್ನೇ ತೆಗೆಯೋಣವೆಂದು 1916ರಲ್ಲಿ ಮೈಸೂರು ಸಂಸ್ಥಾನ ಬಟ್ಟಿ ಇಳಿಸಲು ಶುರು ಮಾಡಿತು. ಎಸ್.ಜಿ. ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರು ಇಂಗ್ಲೆಂಡಿಗೆ ಹೋಗಿ ಸಾಬೂನು ವಿದ್ಯೆ ಕಲಿತು ಬಂದರು, ಮೈಸೂರು ಸ್ಯಾಂಡಲ್ ಹುಟ್ಟಿತು. ಲಂಡನ್ನಿನ ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್ 1854ರಿಂದ ಇರುವ ಅಂಗಡಿ. ಅವರ ಶ್ರೀಗಂಧದ ಶೇವಿಂಗ್ ಕ್ರೀಮಿನ ಬಟ್ಟಲನ್ನು ಇಲ್ಲಿಯವರು ದುಬಾರಿ ಬೆಲೆಗೆ ತರಿಸಿಕೊಳ್ಳುವುದನ್ನು ನೋಡಿದರೆ ಮೈಸೂರು ಸ್ಯಾಂಡಲ್ ತಯಾರಾಗುವ ಯಶವಂತಪುರದ ಕಾರ್ಖಾನೆ ನೆನಪಾಗಿ ನಗು ಬರುತ್ತದೆ. ಹಾಗೆಂದು ಮೈಸೂರು ಸ್ಯಾಂಡಲ್ ಸೋಪನ್ನೇ ಕೆನ್ನೆಗೆ ಉಜ್ಜಿಕೊಂಡು ರೇಜರ್ ಎತ್ತಬೇಡಿ. ಸ್ನಾನದ ಸಾಬೂನು ಸೋಡಿಯಂ ಕ್ಷಾರದ್ದು, ಅದರ ನೊರೆ ಬೇಗ ಕುಸಿಯುತ್ತದೆ. ಶೇವಿಂಗ್ ಸಾಬೂನಿನಲ್ಲಿ ಪೊಟ್ಯಾಸಿಯಂ ಕ್ಷಾರ, ಸ್ಟಿಯರಿಕ್ ಆಮ್ಲ ಹೆಚ್ಚು. ನೊರೆ ಮೊಸರಿನಂತೆ ಗಟ್ಟಿಯಾಗಿ, ನುಣ್ಣಗೆ ನಿಲ್ಲುತ್ತದೆ. ಸ್ಯಾಂಡಲ್ ಸೋಪಿನಲ್ಲಿ ಮೊದಲು ಮುಖ ತೊಳೆಯಿರಿ, ಗಡ್ಡದ ಎಣ್ಣೆ ಹೋಗಲಿ. ನೊರೆಗೆ ಅಂಗಡಿಯ ಗೋದ್ರೆಜ್ಜೋ ವಿ-ಜಾನೋ ಸಾಕು: ಕಡಲೆಕಾಳಿನಷ್ಟು ಕ್ರೀಮು, ತೊಟ್ಟು ತೊಟ್ಟಾಗಿ ನೀರು. ಬ್ರಷ್ಷು ಸಿಂಥೆಟಿಕ್ ಇರಲಿ. ಹಂದಿ ಕೂದಲಿನದನ್ನು ನೆನೆಹಾಕಿ ಪಳಗಿಸಬೇಕು, ಮಳೆಗಾಲದಲ್ಲಿ ಅದು ಒಣಗುವುದೂ ನಿಧಾನ.

ಸ್ನಾನವಾದ ಮೇಲೆ ಶೇವ್ ಮಾಡಿಕೊಳ್ಳಿ, ಕೂದಲು ನೆನೆದು ಮೆತ್ತಗಾಗಿರುತ್ತದೆ. ಅದಕ್ಕೂ ಹಿಂದಿನ ದಿನ, ಒಣಗಡ್ಡದ ಮೇಲೆ ಬೆರಳಾಡಿಸಿ ಕೂದಲು ಯಾವ ಕಡೆ ಮಲಗಿದೆ ಎಂದು ತಿಳಿದುಕೊಳ್ಳಿ. ಕೆನ್ನೆಯ ಮೇಲೆ ಕೆಳಮುಖ ಇದ್ದದ್ದು ಕತ್ತಿನಲ್ಲಿ ಅಡ್ಡಡ್ಡ, ಕೆಲವರಿಗೆ ಸುಳಿಯೇ ಇರುತ್ತದೆ. ರೇಜರಿನ ತಲೆಯನ್ನು ಕೆನ್ನೆಗೆ ಒರಗಿಸಿ, ಹಿಡಿಯನ್ನು ಮೆಲ್ಲಗೆ ಇಳಿಸುತ್ತ ಬಂದರೆ ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ತಾಗುವ ಜಾಗ ಸಿಗುತ್ತದೆ. ಅಲ್ಲಿ ಕೂದಲು ಚರಚರ ಕತ್ತರಿಸುವ ಸದ್ದು ಕೇಳುತ್ತದೆ. ಕಿವಿ ಕೊಡಿ. ಒತ್ತಬೇಡಿ, ರೇಜರಿನ ಭಾರವೇ ಸಾಕು. ಕಾರ್ಟ್ರಿಜ್ಜಿಗೆ ಒತ್ತಿ ಒತ್ತಿ ಅಭ್ಯಾಸವಾದವರ ಕೈ ಇದನ್ನು ಬಿಡಲು ತಿಂಗಳು ಹಿಡಿದೀತು. ಅಲ್ಲಿಯವರೆಗೆ ಕೂದಲು ಮಲಗಿದ ದಿಕ್ಕಿಗೇ ಒಂದು ಸಲ, ಅಷ್ಟೇ. ಸಲೂನಿನಲ್ಲಿ ‘ಉಲ್ಟಾ ಹೊಡೀಲಾ ಸಾರ್?’ ಎಂದು ಕೇಳುವವರ ಕೈಗೆ ವರ್ಷಗಳ ಅನುಭವವಿದೆ, ನಿಮ್ಮ ಕೈಗಿಲ್ಲ. ಸಂಜೆಗೆ ಗಲ್ಲ ಸ್ವಲ್ಪ ತರಕಲಾಗಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ. ಸಲೂನುಗಳಿಗೆ ಮಂಗಳವಾರ ರಜೆ. ವಾರಕ್ಕೊಂದೆರಡು ದಿನ ನಿಮ್ಮ ಚರ್ಮಕ್ಕೂ ಕೊಡಿ.

ಮುಗಿದ ಮೇಲೆ ತಣ್ಣೀರು, ಆಮೇಲೆ ಪಟಿಕ. ದೃಷ್ಟಿಗೆಂದು ಬಾಗಿಲಿಗೆ ಕಟ್ಟುವ ಅದೇ ಕಲ್ಲು, ಗ್ರಂಥಿಗೆ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಒದ್ದೆ ಮುಖಕ್ಕೆ ಸವರಿದಾಗ ಎಲ್ಲಿ ಉರಿಯಿತೋ ಅಲ್ಲಿ ಒತ್ತಿದ್ದೀರಿ ಎಂದು ಲೆಕ್ಕ. ಇದಕ್ಕಿಂತ ನಿಷ್ಠುರ ಮೇಷ್ಟರು ಇನ್ನೊಬ್ಬರಿಲ್ಲ. ಅರ್ಧ ನಿಮಿಷ ಬಿಟ್ಟು ತೊಳೆಯಿರಿ.

ಹಳೆಯ ಬ್ಲೇಡನ್ನು ಮಾತ್ರ ಕಸದ ಬುಟ್ಟಿಗೆ ಹಾಗೇ ಎಸೆಯಬಾರದು. ಬೆಳಗ್ಗೆ ಬರುವ ಕಸದ ಗಾಡಿಯಲ್ಲಿ ಅದನ್ನು ಬರಿಗೈಯಲ್ಲಿ ಬೇರ್ಪಡಿಸುವವರಿದ್ದಾರೆ. ಖಾಲಿ ಪೌಡರ್ ಡಬ್ಬಿಯ ಮುಚ್ಚಳಕ್ಕೆ ಒಂದು ಸೀಳು ಕೊರೆದು, ಬಳಸಿದ್ದನ್ನೆಲ್ಲ ಅದರೊಳಗೆ ಇಳಿಬಿಡುತ್ತ ಬನ್ನಿ. ತುಂಬಲು ವರ್ಷಗಳೇ ಹಿಡಿಯುತ್ತವೆ. ತುಂಬಿದ ದಿನ ಸೀಳಿಗೆ ಟೇಪು ಸುತ್ತಿ, ಪೇಪರಿನಲ್ಲಿ ಕಟ್ಟಿ, ಕೆಂಪು ಗುರುತು ಹಾಕಿ ಸ್ಯಾನಿಟರಿ ಕಸದ ಜೊತೆ ಕೈಗೇ ಕೊಡಿ. ಕೊಡುವಾಗ ‘ಒಳಗೆ ಬ್ಲೇಡಿದೆಯಮ್ಮಾ, ಹುಷಾರು’ ಎಂದು ಬಾಯಿಬಿಟ್ಟು ಹೇಳಿ.