ಗ್ಲಾಸ್ಗೋ ನಗರದ ಎರಡು ಕೊಲೆಕಥೆಗಳು: ಓಲೆಯೂ ಹೇಳಿಕೆಯೂ

ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ ಹಡಗು, ಕಬ್ಬಿಣ, ಹತ್ತಿಗಳ ವ್ಯವಹಾರದಿಂದ ಸಿರಿವಂತವಾದ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ಕೊಲೆಯ ವಿಚಾರಣೆಗಳನ್ನು ಆಶ್ರಯಿಸಿ ಒಂದು ವಿಶಿಷ್ಟ ವಾಙ್ಮಯವೇ ಬೆಳೆದಿದೆ. ನ್ಯಾಯವಾದಿಗಳಾದ ವಿಲಿಯಂ ರಫ್‌ಹೆಡ್ ಅವರು ಪ್ರಿಚರ್ಡ್ ಎಂಬ ವೈದ್ಯನ ವಿಚಾರಣೆಯನ್ನು 1906ರಲ್ಲಿಯೂ, ಜೆಸ್ಸಿ ಮಕ್ಲಾಕ್ಲನ್ ಎಂಬವಳ ವಿಚಾರಣೆಯನ್ನು 1911ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು. ಪತ್ರಿಕೋದ್ಯೋಗಿಗಳಾದ ಜಾಕ್ ಹೌಸ್ ಅವರು 1961ರ ‘ಸ್ಕ್ವೇರ್ ಮೈಲ್ ಆಫ್ ಮರ್ಡರ್’ ಎಂಬ ಗ್ರಂಥದಲ್ಲಿ ಆ ನಗರದ ನಾಲ್ಕು ಪ್ರಕರಣಗಳನ್ನು ಒಂದು ಚದರ ಮೈಲಿಯ ಮೇರೆಯೊಳಗೆ ಕೂಡಿಸಿದರು. ಈ ನಾಲ್ಕರಲ್ಲಿ ಎರಡು, ಸ್ತ್ರೀಯರು ಆರೋಪಿಗಳಾಗಿ ನಿಂತವು. ಅವುಗಳ ಪೈಕಿ ಒಂದು ಪ್ರಣಯಕಥೆಯಾಗಿ ಲೋಕಪ್ರಿಯವಾಯಿತು. ಇನ್ನೊಂದು ವಿವಾದವಾಗಿ ಉಳಿಯಿತು. ಇದಕ್ಕೆ ಕಾರಣವನ್ನು ಅಪರಾಧದ ಸ್ವರೂಪದಲ್ಲಿ ಹುಡುಕುವುದಕ್ಕಿಂತ, ಉಳಿದುಬಂದ ಲಿಖಿತದ ಸ್ವರೂಪದಲ್ಲಿ ಹುಡುಕುವುದು ಯುಕ್ತ.

ಮ್ಯಾಡೆಲಿನ್ ಸ್ಮಿತ್ ಪ್ರಸಿದ್ಧ ವಾಸ್ತುಶಿಲ್ಪಿಯೊಬ್ಬನ ಮಗಳು. ಜರ್ಸಿ ದ್ವೀಪದಿಂದ ಬಂದು ಗುಮಾಸ್ತನಾಗಿದ್ದ ಲಾಂಜಲಿಯೇ ಎಂಬಾತನೊಡನೆ 1855ರಲ್ಲಿ ಅವಳಿಗೆ ಪರಿಚಯವಾಯಿತು. ಬ್ಲೈತ್ಸ್‌ವುಡ್ ಚೌಕದ ಮನೆಯ ನೆಲಮಾಳಿಗೆಯ ಕಿಟಕಿಯ ಮೂಲಕ ಓಲೆಗಳು ಕೈಬದಲಾಗುತ್ತಿದ್ದವು. 1857ರ ಆದಿಯಲ್ಲಿ ತಂದೆತಾಯಿಗಳು ಮೆಚ್ಚಿದ ವರನಿಗೆ ಮಾತು ಕೊಟ್ಟ ಮೇಲೆ ಅವಳು ತನ್ನ ಓಲೆಗಳನ್ನು ಹಿಂದಕ್ಕೆ ಕೇಳಿದಳು, ಆತನು ಕೊಡಲಿಲ್ಲ. ಮಾರ್ಚ್ 23ರಂದು ಆತನು ಸತ್ತನು. ಹೊಟ್ಟೆಯಲ್ಲಿ 80 ಗ್ರೇನುಗಳಿಗೂ ಮಿಕ್ಕ ಪಾಷಾಣವಿದ್ದಿತು. ಇಲಿಗಳಿಗೆಂದು ಹೇಳಿ ಅವಳು ಪಾಷಾಣ ಕೊಂಡದ್ದಕ್ಕೆ ಅಂಗಡಿಯ ಪುಸ್ತಕದಲ್ಲಿ ಅವಳದೇ ರುಜುವಿದ್ದಿತು. ಆದರೆ ಆ ಕಡೆಯ ರಾತ್ರಿ ಇಬ್ಬರೂ ಸಂಧಿಸಿದರೆಂಬುದಕ್ಕೆ ಸಾಕ್ಷ್ಯ ದೊರೆಯಲಿಲ್ಲ. ಎಡಿನ್‌ಬರೋ ನಗರದಲ್ಲಿ ಒಂಬತ್ತು ದಿನ ನಡೆದ ವಿಚಾರಣೆಯ ಅಂತ್ಯದಲ್ಲಿ, ಜುಲೈ 9ರಂದು, ಕೊಲೆಯ ಆರೋಪವು ‘ಸಿದ್ಧವಾಗಿಲ್ಲ’ ಎಂದು ಪಂಚರು ತೀರ್ಮಾನಿಸಿದರು. ದೋಷಿಯೆಂದೂ ನಿರ್ದೋಷಿಯೆಂದೂ ಹೇಳದ ಈ ಮೂರನೆಯ ನಿರ್ಣಯವು ಆ ಕಾಲದ ಸ್ಕಾಟ್ಲೆಂಡಿನ ಧರ್ಮಾಸನಕ್ಕೆ ವಿಶಿಷ್ಟವಾದುದು. ವಿಲ್ಕಿ ಕಾಲಿನ್ಸ್ ತನ್ನ 1875ರ ‘ದಿ ಲಾ ಅಂಡ್ ದಿ ಲೇಡಿ’ ಕಾದಂಬರಿಗೆ ಇದನ್ನೇ ಬೀಜವಾಗಿ ಮಾಡಿಕೊಂಡನು.

ಓಲೆಗಳ ವಿಷಯದಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಅವುಗಳಲ್ಲಿ ಅನೇಕಕ್ಕೆ ತಾರೀಖಿಲ್ಲ. ವಾರದ ಹೆಸರು ಮಾತ್ರವಿದೆ. ಯಾವ ಓಲೆ ಯಾವ ಲಕೋಟೆಯಲ್ಲಿದ್ದಿತೆಂಬುದನ್ನು ಅಧಿಕಾರಿಗಳು ಎಚ್ಚರದಿಂದ ಕಾಯಲಿಲ್ಲವೆಂದು ಪ್ರತಿವಾದದ ನ್ಯಾಯವಾದಿಯಾದ ಜಾನ್ ಇಂಗ್ಲಿಸ್ ಬಲವಾಗಿ ಆಕ್ಷೇಪಿಸಿದನು. ಎರಡನೆಯದಾಗಿ, ಇದು ಅರ್ಧ ಸಂವಾದ. ಪ್ರಿಯನು ಬರೆದುದರಲ್ಲಿ ಉಳಿದಿರುವುದು ಅತ್ಯಲ್ಪ. ಅವನ ಚಿಕ್ಕ ದಿನಚರಿಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ನ್ಯಾಯಾಧೀಶರು ಬಹುಮತದಿಂದ ನಿರಾಕರಿಸಿದರು. ಹೀಗಿರಲು, ಕಥೆಗಾರರು ಅವನನ್ನು ಬೆದರಿಸಿ ಸುಲಿಯುವ ಖಳನನ್ನಾಗಿ ಚಿತ್ರಿಸುವಾಗ ಅವರ ಕೈಯಲ್ಲಿರುವ ಮುಖ್ಯ ಆಧಾರವಾದರೂ ಏನು? ಅವನಿಗೆ ಹೆದರಿದವಳ ಬರಹವೇ! ಆ ಬರಹದ ಆವೇಗಕ್ಕೆ ಓದುಗರು ಮರುಳಾಗುವುದು ಸಹಜ. ನಾಯಿಕೆಯ ದನಿ ಕಿವಿಗೆ ಬೀಳುತ್ತಿರುವಷ್ಟು ಹೊತ್ತೂ ಸಹೃದಯನ ಮನಸ್ಸು ಶೃಂಗಾರದಲ್ಲಿಯೇ ತೊಡಗಿರುತ್ತದೆ. ಹೆಣವಾಗಿ ಬಿದ್ದವನಿಗೆ ಸಲ್ಲಬೇಕಾದ ಕರುಣೆ ಬತ್ತಿಹೋಗುತ್ತದೆ. ಇದನ್ನು ರಸಪೋಷಣೆ ಎನ್ನುವುದಕ್ಕಿಂತ ರಸಾಭಾಸವೆನ್ನುವುದೇ ಮೇಲು.

ಜೆಸ್ಸಿ ಮಕ್ಲಾಕ್ಲನ್‌ಳಿಗೆ ಇಂತಹ ಓಲೆಗಳಿರಲಿಲ್ಲ. ಅವಳು ಹಿಂದೆ ಸೇವಕಿಯಾಗಿದ್ದ ಬಡವಿ. 1862ರ ಜುಲೈ ತಿಂಗಳಲ್ಲಿ ಸ್ಯಾಂಡಿಫೋರ್ಡ್ ಪ್ಲೇಸ್ ಬೀದಿಯ ಮನೆಯೊಂದರಲ್ಲಿ ಅವಳ ಗೆಳತಿ ಜೆಸ್ ಮಕ್‌ಫರ್ಸನ್ ಎಂಬ ಸೇವಕಿ ಕೊಲೆಯಾಗಿ ಬಿದ್ದಿದ್ದಳು. ಯಜಮಾನನ ವೃದ್ಧ ತಂದೆ ಫ್ಲೆಮಿಂಗ್ ಆ ದಿನಗಳೆಲ್ಲ ಅದೇ ಮನೆಯಲ್ಲಿದ್ದನು. ಯಾರಿಗೂ ಸುದ್ದಿ ಕೊಟ್ಟಿರಲಿಲ್ಲ. ಮೊದಲು ಬಂಧಿತನಾದ ಅವನೇ ಕಡೆಗೆ ಸರ್ಕಾರದ ಪಕ್ಷದ ಸಾಕ್ಷಿಯಾದನು. ಮನೆಯ ಬೆಳ್ಳಿಯ ಪದಾರ್ಥಗಳನ್ನು ಗಿರವಿಯಿಟ್ಟವಳು ಜೆಸ್ಸಿ. ರಕ್ತದ ಹೆಜ್ಜೆಯ ಗುರುತೂ ಅವಳ ಕಾಲಿಗೆ ಹೊಂದಿತು. ಮೊದಲು ಅವಳು ಅಧಿಕಾರಿಗಳ ಮುಂದೆ ಕೊಟ್ಟ ಹೇಳಿಕೆಗಳು ಸುಳ್ಳಿನಿಂದ ತುಂಬಿದ್ದವು. ಪಂಚರಿಗೆ ಅವಳನ್ನು ದೋಷಿಯೆಂದು ನಿರ್ಣಯಿಸಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಆ ನಿರ್ಣಯವಾದ ಮೇಲೆ, ಸೆಪ್ಟೆಂಬರ್ 20ರಂದು, ಅವಳ ಕಡೆಯ ಹೇಳಿಕೆಯನ್ನು ನ್ಯಾಯವಾದಿಯು ಓದಿದನು. ಈ ವಾಙ್ಮಯದಲ್ಲೆಲ್ಲ ಅತ್ಯಂತ ಶಕ್ತವಾದ ಗದ್ಯವು ಇಲ್ಲಿದೆಯೆಂದರೆ ತಪ್ಪಾಗಲಾರದು. ಮುದುಕನು ತನ್ನನ್ನು ಮದ್ಯ ತರಲು ಕಳುಹಿಸಿದುದು, ಅಂಗಡಿ ಮುಚ್ಚಿದ್ದುದು, ಮರಳಿ ಬಂದಾಗ ಗೆಳತಿಯು ಗಾಯಗೊಂಡು ಬಿದ್ದಿದ್ದುದು, ಅವಳ ರಕ್ತವನ್ನು ತೊಳೆದುದು, ವೈದ್ಯನನ್ನು ಕರೆಯಲು ಮುದುಕನು ಬಿಡದಿದ್ದುದು, ಅವನೇ ಅವಳನ್ನು ಕೊಂದುದು: ಎಲ್ಲವೂ ಅಲಂಕಾರವಿಲ್ಲದೆ, ಗೃಹಕೃತ್ಯದ ಕ್ರಮದಲ್ಲಿ ಸಾಗುತ್ತದೆ. ನ್ಯಾಯಾಧೀಶ ಡೀಸ್ ಇದನ್ನು ಕಿಂಚಿತ್ತೂ ನಂಬದೆ ಮರಣದಂಡನೆ ವಿಧಿಸಿದನು. ಜನರು ನಂಬಿ ಗದ್ದಲವೆಬ್ಬಿಸಿದರು. ತರುವಾಯ ನಡೆದ ತನಿಖೆಯ ಫಲವಾಗಿ ಶಿಕ್ಷೆಯು ಸೆರೆವಾಸಕ್ಕೆ ಇಳಿಯಿತು. 15 ವರ್ಷಗಳ ತರುವಾಯ, 1877ರಲ್ಲಿ, ಬಿಡುಗಡೆಯಾಯಿತು.

ರಫ್‌ಹೆಡ್ ಅವರ ಒಲವು ಈ ಹೇಳಿಕೆಯ ಕಡೆಗೇ ಇದೆ. ಅವರ ಸಂಪಾದನೆಯ ಮುಖ್ಯ ಗುಣವೆಂದರೆ, ತಮ್ಮ ಒಲವನ್ನು ಮರೆಸದೆಯೂ ಸಾಕ್ಷಿಗಳ ಮಾತನ್ನೆಲ್ಲ ಓದುಗರ ಮುಂದಿಟ್ಟಿರುವುದು. ಒಪ್ಪದವನಿಗೆ ಖಂಡಿಸುವ ಸಾಮಗ್ರಿಯೂ ಅದೇ ಗ್ರಂಥದಲ್ಲಿ ಸಿಕ್ಕುತ್ತದೆ. ಆದರೂ ಒಂದು ತೊಡಕು ಉಳಿಯುತ್ತದೆ. ಸತ್ತ ಜೆಸ್ ಮಕ್‌ಫರ್ಸನ್ ತನ್ನ ಗಾಯದ ವಿಷಯವಾಗಿ ಆಡಿದಳೆನ್ನುವ ಮಾತುಗಳು ಈ ಹೇಳಿಕೆಯೊಂದರಲ್ಲಿ ಮಾತ್ರ ಇವೆ. ಅವಳನ್ನು ಕೊಂದಳೆಂದು ದಂಡನೆಗೆ ಒಳಗಾದವಳ ಬಾಯಿಂದಲೇ ಅವು ಕೇಳಿಬರಬೇಕಾಗಿದೆ.